ಗಡ್ಡೆಯ ಸುತ್ತಲಿನ ಲೋಕ: ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯುವ ಬಗೆ



ಬೇರೆ ಯಾವುದೋ ಕಾಯಿಲೆಯಿಂದ ತೀರಿಕೊಂಡ ವಯೋವೃದ್ಧರ ಪ್ರಾಸ್ಟೇಟ್ ಗ್ರಂಥಿಯನ್ನು ಮರಣೋತ್ತರ ಪರೀಕ್ಷೆಯಲ್ಲಿ ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಡಿ ನೋಡಿದರೆ, ಅನೇಕರಲ್ಲಿ ಸಣ್ಣದೊಂದು ಕ್ಯಾನ್ಸರ್ ಕಾಣಸಿಗುತ್ತದೆ. ಎಪ್ಪತ್ತು ದಾಟಿದವರಲ್ಲಿ ಅದು ಅಪರೂಪವೇನಲ್ಲ. ಆ ವ್ಯಕ್ತಿಗೂ ಅವರ ಮನೆಯವರಿಗೂ ವೈದ್ಯರಿಗೂ ಅದರ ಸುಳಿವೇ ಇರಲಿಲ್ಲ. ಅದು ಅವರಿಗೆ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಇನ್ನೊಂದು ಕಡೆ, 2022ನೇ ವರ್ಷವೊಂದರಲ್ಲೇ ಜಗತ್ತಿನಲ್ಲಿ ಸುಮಾರು 14.7 ಲಕ್ಷ ಪುರುಷರಲ್ಲಿ ಹೊಸದಾಗಿ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಯಿತು, ನಾಲ್ಕು ಲಕ್ಷದಷ್ಟು ಜನ ಅದರಿಂದ ಸತ್ತರು ಎಂದು ಅಂತರರಾಷ್ಟ್ರೀಯ ಅಂದಾಜುಗಳು ಹೇಳುತ್ತವೆ. ಒಂದೇ ಗ್ರಂಥಿ, ಒಂದೇ ಹೆಸರಿನ ರೋಗ. ಒಬ್ಬರಲ್ಲಿ ಅದು ದಶಕಗಟ್ಟಲೆ ಸುಮ್ಮನಿರುತ್ತದೆ, ಮತ್ತೊಬ್ಬರಲ್ಲಿ ಬೆನ್ನುಮೂಳೆಗೆ ಇಳಿಯುತ್ತದೆ. ಏಕೆ?

ಈ ಪ್ರಶ್ನೆಗೆ ಬಹುಕಾಲ ಉತ್ತರ ಹುಡುಕಿದ್ದು ಕ್ಯಾನ್ಸರ್ ಕೋಶದ ಒಳಗೆ, ಅದರ ಜೀನುಗಳಲ್ಲಿ. ಅಲ್ಲಿ ಉತ್ತರದ ಒಂದು ಭಾಗ ಸಿಕ್ಕಿದ್ದೂ ನಿಜ. ಉಳಿದ ಭಾಗ ಇರುವುದು ಕೋಶದ ಹೊರಗೆ: ಅದನ್ನು ಸುತ್ತುವರಿದ ನಾರು ಅಂಗಾಂಶ, ಸ್ನಾಯು, ರಕ್ತನಾಳ, ನರ, ರೋಗರಕ್ಷಣೆಯ ಕೋಶಗಳು, ಇವುಗಳ ನಡುವೆ ಹರಿದಾಡುವ ರಾಸಾಯನಿಕ ಸಂದೇಶಗಳು. ಇವೆಲ್ಲವನ್ನೂ ಸೇರಿಸಿ ಗಡ್ಡೆಯ ಸೂಕ್ಷ್ಮ ಪರಿಸರ ಎನ್ನುತ್ತೇವೆ. ಈ ಪರಿಸರವನ್ನು ಬಿಟ್ಟು ಪ್ರಾಸ್ಟೇಟ್ ಕ್ಯಾನ್ಸರ್ ಅರ್ಥವಾಗುವುದಿಲ್ಲ ಎಂಬುದೇ ಇಂದು ನಾನು ತಮ್ಮ ಮುಂದಿಡಲು ಬಂದಿರುವ ಮಾತು. ಮೊದಲು ಗ್ರಂಥಿಯ ರಚನೆಯನ್ನು ನೋಡೋಣ; ಆಮೇಲೆ ಹಾರ್ಮೋನಿನ ಕಥೆ; ಅದಾದ ಮೇಲೆ ಸುತ್ತಲಿನ ಅಂಗಾಂಶವೇ ಕೋಶದ ದಾರಿ ತಪ್ಪಿಸಬಲ್ಲದೆಂದು ತೋರಿಸಿದ ಪ್ರಯೋಗಗಳು; ಕೊನೆಗೆ ಮೂಳೆ. ಮುಗಿಸುವ ಮೊದಲು ನಮ್ಮ ನಾಡಿನ ಸಂಗತಿಗಳನ್ನೂ ಹೇಳುತ್ತೇನೆ.

ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು. ಯುವಕರಲ್ಲಿ ಅದರ ತೂಕ ಸುಮಾರು 20 ಗ್ರಾಂ. ವೀರ್ಯಕ್ಕೆ ಸೇರುವ ದ್ರವದ ಒಂದಂಶವನ್ನು ಒಸರುವುದು ಅದರ ಕೆಲಸ. ಇಂದು ರಕ್ತಪರೀಕ್ಷೆಯ ಹೆಸರಾಗಿ ಎಲ್ಲರಿಗೂ ಗೊತ್ತಿರುವ ಪಿಎಸ್‌ಎ ಎಂಬ ಪ್ರೋಟೀನು ನಿಜವಾಗಿ ವೀರ್ಯವನ್ನು ತೆಳುವಾಗಿಸುವ ಕಿಣ್ವ. ಅದು ರಕ್ತದಲ್ಲಿ ಹೆಚ್ಚಾಗಿ ಕಂಡರೆ, ಗ್ರಂಥಿಯ ಒಳಗೆ ಉಳಿಯಬೇಕಾದದ್ದು ಎಲ್ಲೋ ಗೋಡೆ ದಾಟುತ್ತಿದೆ ಎಂದಷ್ಟೇ ಅರ್ಥ. ಉರಿಯೂತದಲ್ಲೂ ದಾಟಬಹುದು, ಕ್ಯಾನ್ಸರಿನಲ್ಲೂ ದಾಟಬಹುದು.

ಗ್ರಂಥಿಯಲ್ಲಿ ಬೇರೆ ಬೇರೆ ವಲಯಗಳಿವೆ ಎಂದು ವಿವರವಾಗಿ ತೋರಿಸಿದವರು ಅಮೆರಿಕದ ಜಾನ್ ಮೆಕ್‌ನೀಲ್. ವಯಸ್ಸಾದಂತೆ ಬಹುತೇಕ ಗಂಡಸರಿಗೆ ಬರುವ ಸಾಧಾರಣ ಊತ ಹುಟ್ಟುವುದು ಮೂತ್ರನಾಳದ ಪಕ್ಕದ ಒಳವಲಯದಲ್ಲಿ. ಅದಕ್ಕೇ ಮೂತ್ರ ಕಟ್ಟುತ್ತದೆ. ಕ್ಯಾನ್ಸರುಗಳಲ್ಲಿ ಸುಮಾರು 70 ಪ್ರತಿಶತ ಹುಟ್ಟುವುದು ಹೊರವಲಯದಲ್ಲಿ, ಮೂತ್ರನಾಳದಿಂದ ದೂರ. ಆದ್ದರಿಂದಲೇ ಅದು ಮೊದಮೊದಲು ಯಾವ ಲಕ್ಷಣವನ್ನೂ ತೋರುವುದಿಲ್ಲ.

ಇನ್ನೂ ಹತ್ತಿರದಿಂದ ನೋಡಿದರೆ, ಪ್ರತಿಯೊಂದು ಪುಟ್ಟ ಗ್ರಂಥಿನಾಳದಲ್ಲಿ ಎರಡು ಪದರ ಕೋಶಗಳಿವೆ. ಒಳಗಿನವು ಸ್ರವಿಸುವ ಕೋಶಗಳು, ಅವುಗಳ ಹಿಂದೆ ತಳಕೋಶಗಳ ಸಾಲು. ಇವೆರಡನ್ನೂ ಒಂದು ತೆಳುಪೊರೆ ಹೊರಗಿನಿಂದ ಬೇರ್ಪಡಿಸುತ್ತದೆ. ಪೊರೆಯಾಚೆ ಇರುವುದೇ ಸ್ಟ್ರೋಮಾ: ನಯಸ್ನಾಯು, ಫೈಬ್ರೊಬ್ಲಾಸ್ಟ್‌ಗಳು, ಕೊಲಾಜೆನ್ ನಾರು, ರಕ್ತನಾಳ, ನರ. ಆರೋಗ್ಯವಂತ ಗ್ರಂಥಿಯಲ್ಲಿ ಈ ಎರಡು ಬದಿಗಳು ಸದಾ ಸಂದೇಶ ವಿನಿಮಯ ಮಾಡಿಕೊಳ್ಳುತ್ತ, ಎಷ್ಟು ಕೋಶ ಹುಟ್ಟಬೇಕು, ಎಷ್ಟು ಸಾಯಬೇಕು ಎಂಬ ಸಮತೋಲವನ್ನು ಕಾಯುತ್ತವೆ. ಕ್ಯಾನ್ಸರಿನಲ್ಲಿ ತಳಕೋಶಗಳ ಸಾಲು ಅಳಿದುಹೋಗುತ್ತದೆ. ಬಯಾಪ್ಸಿಯಲ್ಲಿ ಸಂಶಯ ಬಂದಾಗ ಪೆಥಾಲಜಿಸ್ಟರು ವಿಶೇಷ ಬಣ್ಣ ಹಾಕಿ ಹುಡುಕುವುದು ಇದನ್ನೇ, ಆ ಸಾಲು ಉಳಿದಿದೆಯೇ ಎಂದು.

ಒಳಕೋಶದ ಇಂಧನದಲ್ಲೂ ಒಂದು ಬದಲಾವಣೆ ಆಗುತ್ತದೆ. ಸಾಮಾನ್ಯ ಪ್ರಾಸ್ಟೇಟ್ ಕೋಶ ತನ್ನೊಳಗೆ ಸತುವನ್ನು ಬಹಳವಾಗಿ ಕೂಡಿಡುತ್ತದೆ. ಆ ಸತು ಒಂದು ಕಿಣ್ವವನ್ನು ತಡೆಹಿಡಿಯುವುದರಿಂದ ಸಿಟ್ರೇಟ್ ಎಂಬ ವಸ್ತು ಉರಿಯದೆ ಉಳಿದು ವೀರ್ಯದ್ರವಕ್ಕೆ ಹೋಗುತ್ತದೆ. ಕ್ಯಾನ್ಸರ್ ಕೋಶ ಸತುವನ್ನು ಕಳೆದುಕೊಳ್ಳುತ್ತದೆ, ಸಿಟ್ರೇಟನ್ನು ತಾನೇ ಉರಿಸಿ ಶಕ್ತಿ ಪಡೆಯುತ್ತದೆ. ದೇಹಕ್ಕಾಗಿ ಒಸರುತ್ತಿದ್ದ ಕೋಶ ತನಗಾಗಿ ಬೆಳೆಯತೊಡಗುವುದು ಇಲ್ಲಿಯೇ ಕಾಣುತ್ತದೆ. ಮೇರಿಲ್ಯಾಂಡಿನ ಕಾಸ್ಟೆಲ್ಲೊ ಮತ್ತು ಫ್ರಾಂಕ್ಲಿನ್ ಇದನ್ನು ಹಲವು ವರ್ಷ ಬಿಡದೆ ಅಧ್ಯಯನ ಮಾಡಿದರು.

ಈ ಭಾಗವನ್ನು ಮುಗಿಸುವ ಮೊದಲು ಗ್ಲೀಸನ್ ಅಂಕದ ಬಗ್ಗೆ ಒಂದು ಮಾತು. ರೋಗಿಗಳ ಕೈಗೆ ಬರುವ ವರದಿಯಲ್ಲಿ 3+3, 4+3 ಎಂದು ಬರೆದಿರುತ್ತದೆ. ಮಿನಿಯಾಪೊಲಿಸ್‌ನ ಡೊನಾಲ್ಡ್ ಗ್ಲೀಸನ್ 1966ರಲ್ಲಿ ಈ ಪದ್ಧತಿಯನ್ನು ಮುಂದಿಟ್ಟಾಗ, ಒಂಟಿ ಕೋಶದ ಕೇಂದ್ರಬೀಜ ಎಷ್ಟು ವಿಕಾರವಾಗಿದೆ ಎಂದು ನೋಡಲಿಲ್ಲ. ಗ್ರಂಥಿನಾಳಗಳ ಜೋಡಣೆ ಹೇಗೆ ಕೆಟ್ಟಿದೆ, ಅವು ಸುತ್ತಲಿನ ಸ್ಟ್ರೋಮಾದೊಳಗೆ ಹೇಗೆ ನುಗ್ಗಿವೆ ಎಂಬುದನ್ನು ನೋಡಿದರು. ಅರ್ಧ ಶತಮಾನ ದಾಟಿದರೂ, ಸಾಕಷ್ಟು ಪರಿಷ್ಕಾರಗಳಾದರೂ, ಚಿಕಿತ್ಸೆಯ ನಿರ್ಧಾರ ಇಂದಿಗೂ ಆ ನೋಟವನ್ನು ನೆಚ್ಚಿದೆ. ಕೋಶ ಮತ್ತು ಅದರ ಪರಿಸರದ ಸಂಬಂಧವನ್ನು ಅಳೆದದ್ದರಿಂದಲೇ ಆ ಅಂಕ ಇಷ್ಟು ಕಾಲ ಬಾಳಿದೆ ಎಂದು ನಾನು ನಂಬಿದ್ದೇನೆ.

ಇನ್ನು ಎರಡನೆಯ ವಿಷಯಕ್ಕೆ, ಹಾರ್ಮೋನಿಗೆ, ಬರೋಣ.

1941ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ಒಂದು ಪ್ರಬಂಧ ಪ್ರಕಟಿಸಿದರು. ದೇಹದಲ್ಲೆಲ್ಲ ಹರಡಿದ್ದ ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಗಳಲ್ಲಿ ವೃಷಣಗಳನ್ನು ತೆಗೆದರೆ, ಇಲ್ಲವೇ ಈಸ್ಟ್ರೊಜೆನ್ ಕೊಟ್ಟರೆ, ರಕ್ತದಲ್ಲಿ ಏರಿದ್ದ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಇಳಿಯುತ್ತಿತ್ತು. ಮೂಳೆಯ ನೋವಿನಲ್ಲಿ ನರಳುತ್ತಿದ್ದವರು ಚೇತರಿಸಿಕೊಂಡರು. ಕ್ಯಾನ್ಸರ್ ಎಂದರೆ ಯಾರ ಮಾತನ್ನೂ ಕೇಳದ ಬೆಳವಣಿಗೆ ಎಂದು ನಂಬಿದ್ದ ಕಾಲವದು. ಹರಡಿದ ಕ್ಯಾನ್ಸರ್ ಕೂಡ ದೇಹದ ಸಂದೇಶವೊಂದಕ್ಕೆ ಕಿವಿಗೊಡುತ್ತದೆ ಎಂಬುದು ಅಂದಿಗೆ ದೊಡ್ಡ ಸುದ್ದಿ.

ಇದಕ್ಕಾಗಿ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಂತು. ಅವರೊಡನೆ ಅದನ್ನು ಹಂಚಿಕೊಂಡವರು ಪೇಟನ್ ರೌಸ್. ಕೋಳಿಗಳ ಒಂದು ಬಗೆಯ ಗಡ್ಡೆಯನ್ನು ವೈರಸ್ ಹರಡುತ್ತದೆ ಎಂದು 1911ರಲ್ಲೇ ತೋರಿಸಿದವರು ಅವರು. ಆ ವೈರಸ್ಸಿನಿಂದ ಮುಂದೆ ಕ್ಯಾನ್ಸರ್ ಜೀನುಗಳ ಕಲ್ಪನೆಯೇ ಬೆಳೆಯಿತು. ಆದರೆ 1984ರಲ್ಲಿ ಡೇವಿಡ್ ಡಾಲ್ಬರ್ಗ್ ಮತ್ತು ಮಿನಾ ಬಿಸ್ಸೆಲ್ ಅದೇ ರೌಸ್ ವೈರಸ್ಸನ್ನು ಕೋಳಿಯ ಭ್ರೂಣದ ರೆಕ್ಕೆಗೆ ಚುಚ್ಚಿದಾಗ ಗಡ್ಡೆಯಾಗಲಿಲ್ಲ. ವೈರಸ್ಸಿನ ಜೀನು ಕೋಶದೊಳಗೆ ಎಚ್ಚರವಾಗಿಯೇ ಇತ್ತು. ಆ ಕೋಶಗಳನ್ನು ಭ್ರೂಣದಿಂದ ಬಿಡಿಸಿ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದಾಗ ಮಾತ್ರ ಅವು ಕ್ಯಾನ್ಸರಿನ ರೂಪ ತಳೆದವು. ಬೆಳೆಯುತ್ತಿರುವ ಅಂಗಾಂಶದ ಕಟ್ಟು ಜೀನನ್ನು ಹದ್ದುಬಸ್ತಿನಲ್ಲಿ ಇಟ್ಟಿತ್ತು. ನನ್ನ ದೃಷ್ಟಿಯಲ್ಲಿ ಕ್ಯಾನ್ಸರ್ ವಿಜ್ಞಾನದ ಅತ್ಯಂತ ಮುಖ್ಯ ಪ್ರಯೋಗಗಳಲ್ಲಿ ಇದೊಂದು. ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೆ ತಕ್ಕ ಜಾಗ ಸಿಕ್ಕಿಲ್ಲ.

ಪ್ರಾಸ್ಟೇಟಿಗೆ ಮರಳೋಣ. ವೃಷಣದಿಂದ ಬರುವ ಟೆಸ್ಟೊಸ್ಟೆರಾನ್ ಗ್ರಂಥಿಯೊಳಗೆ ಇನ್ನೂ ಪ್ರಬಲವಾದ ಡೈಹೈಡ್ರೊಟೆಸ್ಟೊಸ್ಟೆರಾನ್ ಆಗಿ ಬದಲಾಗುತ್ತದೆ. ಅದು ಆಂಡ್ರೊಜೆನ್ ಗ್ರಾಹಕಕ್ಕೆ ಅಂಟುತ್ತದೆ. ಗ್ರಾಹಕ ಕೇಂದ್ರಬೀಜಕ್ಕೆ ಹೋಗಿ ಡಿಎನ್‌ಎ ಮೇಲೆ ಕುಳಿತು ಪಿಎಸ್‌ಎಯಂಥ ಜೀನುಗಳನ್ನು ಚಾಲೂ ಮಾಡುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಈ ಗ್ರಾಹಕ ಒಳಕೋಶದಲ್ಲೂ ಇದೆ, ಹೊರಗಿನ ಸ್ಟ್ರೋಮಾದಲ್ಲೂ ಇದೆ. ಹಾಗಾದರೆ ಗ್ರಂಥಿ ಬೆಳೆಯಲು ಬೇಕಾದ ಆಜ್ಞೆಯನ್ನು ಸ್ವೀಕರಿಸುವವರು ಯಾರು? ಸ್ಯಾನ್ ಫ್ರಾನ್ಸಿಸ್ಕೊದ ಜೆರಾಲ್ಡ್ ಕುನ್ಹಾ ಮತ್ತು ಸಂಗಡಿಗರು ಇದಕ್ಕೆ ಉತ್ತರ ಕಂಡುಕೊಂಡ ರೀತಿ ಸೊಗಸಾದದ್ದು. ಹುಟ್ಟಿನಿಂದಲೇ ಆಂಡ್ರೊಜೆನ್ ಗ್ರಾಹಕ ಕೆಲಸ ಮಾಡದ ಇಲಿಯ ಒಳಕೋಶಗಳನ್ನೂ ಸಾಮಾನ್ಯ ಭ್ರೂಣದ ಸ್ಟ್ರೋಮಾವನ್ನೂ ಅವರು ಜೊತೆಗೂಡಿಸಿ ಬೆಳೆಸಿದರು. ಪ್ರಾಸ್ಟೇಟ್ ಬೆಳೆಯಿತು. ಗ್ರಾಹಕವಿಲ್ಲದ ಸ್ಟ್ರೋಮಾವನ್ನು ಸಾಮಾನ್ಯ ಒಳಕೋಶದೊಂದಿಗೆ ಕೂಡಿಸಿದಾಗ ಬೆಳೆಯಲಿಲ್ಲ. ಅಂದರೆ ಹಾರ್ಮೋನ್ ಮೊದಲು ಮಾತಾಡುವುದು ಸ್ಟ್ರೋಮಾದೊಡನೆ. ಬೆಳೆ ಎಂಬ ಆಜ್ಞೆ ಒಳಕೋಶಕ್ಕೆ ತಲುಪುವುದು ಸ್ಟ್ರೋಮಾದ ಮೂಲಕ.

ಕ್ಯಾನ್ಸರಿನಲ್ಲಿ ಈ ವ್ಯವಸ್ಥೆ ತಿರುವುಮುರುವಾಗುತ್ತದೆ. ಒಳಕೋಶ ಸ್ಟ್ರೋಮಾದ ಅಪ್ಪಣೆಗೆ ಕಾಯದೆ ತನ್ನದೇ ಗ್ರಾಹಕದಿಂದ ನೇರವಾಗಿ ಬೆಳವಣಿಗೆಯ ಸಂಕೇತ ಪಡೆಯುತ್ತದೆ. ಅದಕ್ಕೆ ನೆರವಾಗುವ ಜೀನು ಬದಲಾವಣೆಗಳಲ್ಲಿ ಪ್ರಸಿದ್ಧವಾದದ್ದನ್ನು 2005ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನಯ್ಯನ್ ತಂಡ ಪತ್ತೆಮಾಡಿತು. 21ನೇ ವರ್ಣತಂತುವಿನಲ್ಲಿರುವ ಟಿಎಂಪಿಆರ್‌ಎಸ್‌ಎಸ್2 ಮತ್ತು ಇಆರ್‌ಜಿ ಎಂಬ ಎರಡು ಜೀನುಗಳು ತುಂಡಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಮೊದಲನೆಯದು ಆಂಡ್ರೊಜೆನ್‌ಗೆ ಓಗೊಡುವ ಜೀನು. ಎರಡನೆಯದು ಬೆಳವಣಿಗೆಯನ್ನು ಪ್ರಚೋದಿಸಬಲ್ಲದ್ದು. ಬೆಸುಗೆಯಾದ ಮೇಲೆ ಪುರುಷ ಹಾರ್ಮೋನ್ ಬಂದಾಗಲೆಲ್ಲ ಬೆಳವಣಿಗೆಯ ಜೀನು ಏಳುತ್ತದೆ. ಯೂರೋಪ್ ಮೂಲದ ಪುರುಷರ ಗಡ್ಡೆಗಳಲ್ಲಿ ಅರ್ಧದಷ್ಟರಲ್ಲಿ ಇದು ಕಾಣುತ್ತದೆ, ಪೂರ್ವ ಏಷ್ಯಾದಲ್ಲಿ ಕಡಿಮೆ.

ಹಾರ್ಮೋನ್ ತಡೆಯುವ ಚಿಕಿತ್ಸೆ ಕೆಲವು ವರ್ಷ ಚೆನ್ನಾಗಿ ನಡೆದು ಆಮೇಲೆ ಸೋಲುವುದನ್ನು ಈ ಸಭೆಯಲ್ಲಿರುವ ವೈದ್ಯರು ದಿನವೂ ನೋಡುತ್ತಾರೆ. ಕೋಶ ತನ್ನ ಗ್ರಾಹಕಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಹಾರ್ಮೋನೇ ಇಲ್ಲದೆ ಕೆಲಸ ಮಾಡುವ ತುಂಡು ಗ್ರಾಹಕವನ್ನು ತಯಾರಿಸುತ್ತದೆ. ಗಡ್ಡೆಯೊಳಗೇ ಹಾರ್ಮೋನನ್ನು ಉತ್ಪಾದಿಸಿಕೊಳ್ಳುತ್ತದೆ. ಆ ಉತ್ಪಾದನೆಯನ್ನು ತಡೆಯುವ ಅಬಿರಾಟೆರೋನ್‌ಗೆ ಅಮೆರಿಕದಲ್ಲಿ 2011ರಲ್ಲಿ, ಗ್ರಾಹಕವನ್ನೇ ಬಿಗಿಯಾಗಿ ತಡೆಯುವ ಎನ್ಜಾಲುಟಮೈಡ್‌ಗೆ 2012ರಲ್ಲಿ ಮಂಜೂರಾತಿ ಸಿಕ್ಕಿತು. ವೃಷಣದ ಹಾರ್ಮೋನ್ ನಿಂತ ಮೇಲೆ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಆಂಡ್ರೊಜೆನ್ ತಯಾರಿಸಿ ಗಡ್ಡೆಗೆ ಒದಗಿಸಬಲ್ಲವು ಎಂದು 2021ರ ಅಧ್ಯಯನವೊಂದು ತೋರಿಸಿತು. ಪರಿಸರ ಎನ್ನುವಾಗ ನಾವು ಎಷ್ಟು ದೂರದವರೆಗೆ ನೋಡಬೇಕೆಂಬುದಕ್ಕೆ ಇದು ಸಾಕ್ಷಿ.

ಈಗ ಉಪನ್ಯಾಸದ ನಡುಮನೆಗೆ ಬಂದಿದ್ದೇವೆ. ಸ್ಟ್ರೋಮಾ ಬರೀ ನೋಡುತ್ತ ಕೂತಿರುತ್ತದೆಯೇ, ಕ್ಯಾನ್ಸರನ್ನು ಬೆಳೆಸುತ್ತದೆಯೇ?

1999ರಲ್ಲಿ ಅರಿಯಾ ಒಲುಮಿ, ಕುನ್ಹಾ, ಥಿಯಾ ಟಿಲ್ಸ್ಟಿ ಮೊದಲಾದವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅವರ ಬಳಿ ಮನುಷ್ಯನ ಪ್ರಾಸ್ಟೇಟಿನಿಂದ ಪಡೆದ ಒಂದು ಕೋಶ ಸಂತತಿ ಇತ್ತು. ಸಾಯದೆ ಬೆಳೆಯುತ್ತಲೇ ಇರುವಂತೆ ಅದನ್ನು ಬದಲಿಸಲಾಗಿತ್ತು, ಆದರೆ ಇಲಿಯ ದೇಹಕ್ಕೆ ಹಾಕಿದರೆ ತಾನಾಗಿ ಗಡ್ಡೆ ಕಟ್ಟುತ್ತಿರಲಿಲ್ಲ. ಕ್ಯಾನ್ಸರಿನ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟು ನಿಂತ ಕೋಶಗಳು ಅವು. ಈ ಕೋಶಗಳನ್ನು ಅವರು ಎರಡು ಬಗೆಯ ಫೈಬ್ರೊಬ್ಲಾಸ್ಟ್‌ಗಳೊಂದಿಗೆ ಬೆರೆಸಿದರು: ಆರೋಗ್ಯವಂತ ಪ್ರಾಸ್ಟೇಟಿನಿಂದ ತೆಗೆದವು, ಮತ್ತು ಕ್ಯಾನ್ಸರ್ ಗಡ್ಡೆಯ ನಡುವಿನಿಂದ ತೆಗೆದವು. ಮಿಶ್ರಣವನ್ನು ಇಲಿಯ ಮೂತ್ರಪಿಂಡದ ಹೊರಪೊರೆಯ ಕೆಳಗೆ ಕಸಿ ಮಾಡಿದರು. ಆರೋಗ್ಯವಂತ ಫೈಬ್ರೊಬ್ಲಾಸ್ಟ್‌ಗಳ ಸಂಗಡ ಕೋಶಗಳು ಸುಮ್ಮನಿದ್ದವು. ಕ್ಯಾನ್ಸರ್ ಗಡ್ಡೆಯ ಫೈಬ್ರೊಬ್ಲಾಸ್ಟ್‌ಗಳ ಸಂಗಡ ಅದೇ ಕೋಶಗಳು ದೊಡ್ಡ ಗಡ್ಡೆಗಳಾದವು. ಈ ಫೈಬ್ರೊಬ್ಲಾಸ್ಟ್‌ಗಳು ಸ್ವತಃ ಕ್ಯಾನ್ಸರ್ ಕೋಶಗಳಲ್ಲ. ಒಂಟಿಯಾಗಿ ಕಸಿ ಮಾಡಿದರೆ ಗಡ್ಡೆ ಕಟ್ಟುವುದಿಲ್ಲ.

ಎರಡು ವರ್ಷಗಳ ಬಳಿಕ ಸೈಮನ್ ಹೇವರ್ಡ್ ಮತ್ತು ಅದೇ ಗುಂಪಿನವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಾಗೆ ಬೆಳೆದ ಗಡ್ಡೆಯಿಂದ ಒಳಕೋಶಗಳನ್ನು ಮಾತ್ರ ಬಿಡಿಸಿ ತೆಗೆದು ಮತ್ತೆ ಕಸಿ ಮಾಡಿದರು. ಈ ಬಾರಿ ಅವುಗಳಿಗೆ ಯಾವ ಫೈಬ್ರೊಬ್ಲಾಸ್ಟಿನ ನೆರವೂ ಬೇಕಾಗಲಿಲ್ಲ. ಪರಿಸರದಲ್ಲಿ ಪಡೆದ ಬದಲಾವಣೆ ಕೋಶದೊಳಗೆ ಶಾಶ್ವತವಾಗಿತ್ತು. ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಜೀನು ಕೆಟ್ಟು ಪರಿಸರವನ್ನು ಕೆಡಿಸುತ್ತದೆ ಎಂಬ ಒಂದೇ ದಿಕ್ಕಿನ ಕಥೆ ಇಲ್ಲಿ ಮುರಿದುಬೀಳುತ್ತದೆ.

ಇದು ನಡೆಯುವುದು ಯಾವ ಸಂದೇಶದಿಂದ? ಒಂದು ಮುಖ್ಯ ಹೆಸರು ಟಿಜಿಎಫ್-ಬೀಟಾ. ಆರೋಗ್ಯವಂತ ಒಳಕೋಶಕ್ಕೆ ಅದು ಬೆಳವಣಿಗೆ ಸಾಕು ಎಂದು ಹೇಳುತ್ತದೆ. ಕ್ಯಾನ್ಸರ್ ಕೋಶ ಆ ಮಾತಿಗೆ ಕಿವುಡಾಗುತ್ತದೆ, ಆದರೆ ತಾನು ಅದನ್ನು ಹೆಚ್ಚು ಹೆಚ್ಚು ಸ್ರವಿಸುತ್ತದೆ. ಆಗ ಸುತ್ತಲಿನ ಫೈಬ್ರೊಬ್ಲಾಸ್ಟ್‌ಗಳು ಸ್ವಭಾವ ಬದಲಿಸಿ, ಗಾಯ ಮಾಯುವಾಗ ಬರುವ ಕೋಶಗಳಂತೆ ಕೊಲಾಜೆನ್ ತುಂಬತೊಡಗುತ್ತವೆ. ಹೂಸ್ಟನ್ನಿನ ಡೇವಿಡ್ ರೌಲಿ ಮತ್ತು ಗುಸ್ಟಾವೊ ಅಯಾಲಾ ಇದನ್ನು ಪ್ರತಿಕ್ರಿಯಾತ್ಮಕ ಸ್ಟ್ರೋಮಾ ಎಂದು ಗುರುತಿಸಿ, ಗಡ್ಡೆಯಲ್ಲಿ ಅದು ಬಹಳವಾಗಿದ್ದರೆ ಶಸ್ತ್ರಚಿಕಿತ್ಸೆಯ ನಂತರ ರೋಗ ಮರುಕಳಿಸುವ ಸಾಧ್ಯತೆ ಹೆಚ್ಚೆಂದು ತೋರಿಸಿದರು. ಇದೇ ಟಿಜಿಎಫ್-ಬೀಟಾದ ಗ್ರಾಹಕವನ್ನು ಇಲಿಯ ಫೈಬ್ರೊಬ್ಲಾಸ್ಟ್‌ಗಳಲ್ಲಿ ಮಾತ್ರ ಅಳಿಸಿಹಾಕಿದಾಗ ಪಕ್ಕದ ಪ್ರಾಸ್ಟೇಟ್ ಒಳಕೋಶಗಳಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆಗಳು ಹುಟ್ಟಿದವು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ನೀಲ್ ಭೌಮಿಕ್ ಮತ್ತು ಹೆರಾಲ್ಡ್ ಮೋಸಸ್ 2004ರಲ್ಲಿ ಪ್ರಕಟಿಸಿದ ಕೆಲಸವಿದು. ಸಂದೇಶ ಅತಿಯಾದರೂ ತೊಂದರೆ, ಇಲ್ಲವಾದರೂ ತೊಂದರೆ. ಆದ್ದರಿಂದಲೇ ಅದನ್ನು ಔಷಧದಿಂದ ನಿಯಂತ್ರಿಸುವುದು ಕಷ್ಟವಾಗಿದೆ.

ಉರಿಯೂತವನ್ನೂ ಇಲ್ಲೇ ಹೇಳಬೇಕು. ಜಾನ್ಸ್ ಹಾಪ್ಕಿನ್ಸ್‌ನ ಏಂಜೆಲೊ ಡಿ ಮಾರ್ಜೊ ಅವರು, ಉರಿಯೂತವಿರುವಲ್ಲಿ ಸವೆದು ಕುಗ್ಗಿದರೂ ವೇಗವಾಗಿ ವಿಭಜಿಸುತ್ತಿರುವ ಗ್ರಂಥಿನಾಳಗಳನ್ನು 1999ರಲ್ಲಿ ವಿವರಿಸಿ, ಕ್ಯಾನ್ಸರಿನ ಮೊದಲ ನೆಲೆ ಇದಾಗಿರಬಹುದೆಂದು ವಾದಿಸಿದರು. ಕೋಶವನ್ನು ವಿಷಗಳಿಂದ ಕಾಯುವ ಜಿಎಸ್‌ಟಿಪಿ1 ಎಂಬ ಜೀನು ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಬಹುತೇಕ ಯಾವಾಗಲೂ ಮೌನವಾಗಿರುತ್ತದೆ ಎಂಬ ಸಂಗತಿಯ ಪಕ್ಕದಲ್ಲಿಟ್ಟು ನೋಡಿದರೆ ಈ ವಾದಕ್ಕೆ ತೂಕ ಬರುತ್ತದೆ.

ನರಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. 2013ರಲ್ಲಿ ಕ್ಲೇರ್ ಮ್ಯಾಗ್ನನ್ ಮತ್ತು ಪಾಲ್ ಫ್ರೆನೆಟ್ ಇಲಿಗಳಲ್ಲಿ ತೋರಿಸಿದಂತೆ, ಗಡ್ಡೆ ಬೇರೂರಲು ಒಂದು ಬಗೆಯ ಸ್ವಯಂಚಾಲಿತ ನರಗಳೂ ಹರಡಲು ಇನ್ನೊಂದು ಬಗೆಯವೂ ನೆರವಾಗುತ್ತವೆ. ರೋಗರಕ್ಷಣಾ ಕೋಶಗಳ ಸಂಗತಿ ನಿರಾಶೆಯದ್ದು. ಪ್ರಾಸ್ಟೇಟ್ ಕ್ಯಾನ್ಸರಿಗೆಂದೇ ರೂಪಿಸಿದ ಕೋಶ ಲಸಿಕೆ ಸಿಪುಲ್ಯೂಸೆಲ್-ಟಿ 2010ರಲ್ಲೇ ಬಂತು. ಆದರೆ ಶ್ವಾಸಕೋಶ, ಚರ್ಮದ ಕ್ಯಾನ್ಸರುಗಳಲ್ಲಿ ಪವಾಡದಂತೆ ಕೆಲಸ ಮಾಡಿದ ಇಮ್ಯುನೊಥೆರಪಿ ಔಷಧಗಳು ಇಲ್ಲಿ ಕೆಲವೇ ರೋಗಿಗಳಿಗೆ ಫಲ ಕೊಡುತ್ತವೆ. ಗಡ್ಡೆಯೊಳಗೆ ದಾಳಿ ಮಾಡುವ ಟಿ-ಕೋಶಗಳು ಕಡಿಮೆ, ಅವನ್ನು ಹತ್ತಿಕ್ಕುವ ಮ್ಯಾಕ್ರೊಫೇಜ್ ಮುಂತಾದವು ಹೆಚ್ಚು.

ಕೊನೆಯ ವಿಷಯ ಮೂಳೆ. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ಮೃತಪಟ್ಟ 735 ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿ, ಕ್ಯಾನ್ಸರ್ ಎಲ್ಲ ಅಂಗಗಳಿಗೂ ಸಮನಾಗಿ ಹರಡುವುದಿಲ್ಲವೆಂದು ಬರೆದರು. ಬೀಜ ಎಲ್ಲ ಕಡೆಗೂ ತೂರಿಹೋಗುತ್ತದೆ, ಮೊಳೆಯುವುದು ಹದವಾದ ಮಣ್ಣಿನಲ್ಲಿ ಮಾತ್ರ ಎಂಬುದು ಅವರ ವಾದ. ಪ್ರಾಸ್ಟೇಟ್ ಕ್ಯಾನ್ಸರಿನಷ್ಟು ಇದನ್ನು ಎತ್ತಿಹಿಡಿಯುವ ರೋಗ ಬೇರೊಂದಿಲ್ಲ. ಅದು ಹೆಚ್ಚಾಗಿ ಮೂಳೆಗೇ ಹರಡಲು ರಕ್ತದ ಹಾದಿಯೂ ಒಂದು ಕಾರಣ. ಸೊಂಟ ಮತ್ತು ಬೆನ್ನುಮೂಳೆಗಳ ನಡುವಿನ ಅಭಿಧಮನಿಗಳ ಜಾಲವನ್ನು ಆಸ್ಕರ್ ಬ್ಯಾಟ್ಸನ್ 1940ರಲ್ಲಿ ವಿವರಿಸಿದ್ದರು. ಆದರೆ ತಲುಪಿದ ಮೇಲೆ ಉಳಿಯಬೇಕಲ್ಲ. ಮಜ್ಜೆಯಲ್ಲಿ ರಕ್ತದ ಮೂಲಕೋಶಗಳಿಗೆಂದು ಮೀಸಲಾದ ತಾಣಗಳನ್ನು ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು ಪೈಪೋಟಿಯಿಂದ ಆಕ್ರಮಿಸುತ್ತವೆ ಎಂದು ರಸೆಲ್ ಟೈಕ್‌ಮನ್ ತಂಡ 2011ರಲ್ಲಿ ತೋರಿಸಿತು. ಅಲ್ಲಿ ವರ್ಷಗಟ್ಟಲೆ ಸುಪ್ತವಾಗಿಯೂ ಇರಬಲ್ಲವು.

ಎಚ್ಚೆತ್ತ ಮೇಲೆ ಅವು ಮೂಳೆ ಕಟ್ಟುವ ಕೋಶಗಳನ್ನು ಕೆರಳಿಸುತ್ತವೆ. ಅನೇಕ ಕ್ಯಾನ್ಸರುಗಳು ಮೂಳೆಯನ್ನು ತಿಂದು ಟೊಳ್ಳಾಗಿಸಿದರೆ, ಪ್ರಾಸ್ಟೇಟಿನದು ಹೆಚ್ಚಾಗಿ ಅಡ್ಡಾದಿಡ್ಡಿಯಾಗಿ ಹೊಸ ಮೂಳೆ ಕಟ್ಟಿಸುತ್ತದೆ. ಎಕ್ಸ್‌ರೇಯಲ್ಲಿ ಅದು ಬಿಳಿ ಕಲೆಗಳಾಗಿ ಕಾಣುತ್ತದೆ. ಆ ಮೂಳೆ ಗಟ್ಟಿಯಲ್ಲ, ಮುರಿಯುತ್ತದೆ. ಜೊತೆಜೊತೆಗೆ ಹಳೆಯ ಮೂಳೆ ಕರಗುತ್ತ, ತನ್ನೊಳಗೆ ಕೂಡಿಟ್ಟ ಬೆಳವಣಿಗೆಯ ಪ್ರೋಟೀನುಗಳನ್ನು ಬಿಟ್ಟುಕೊಡುತ್ತದೆ. ಅವು ಮತ್ತೆ ಕ್ಯಾನ್ಸರ್ ಕೋಶವನ್ನೇ ಪೋಷಿಸುತ್ತವೆ. ಝೊಲೆಡ್ರೊನಿಕ್ ಆಸಿಡ್, ಡೆನೊಸುಮ್ಯಾಬ್ ಔಷಧಗಳು ಈ ಕರಗುವಿಕೆಯನ್ನು ತಡೆಯುತ್ತವೆ. 2013ರಲ್ಲಿ ಮಂಜೂರಾದ ರೇಡಿಯಂ-223 ಇನ್ನೂ ನೇರವಾದದ್ದು. ಕ್ಯಾಲ್ಸಿಯಂನಂತೆ ವರ್ತಿಸುವ ಈ ವಿಕಿರಣವಸ್ತುವನ್ನು ಹೊಸ ಮೂಳೆ ಕಟ್ಟುವ ಜಾಗ ತಾನೇ ಹೀರಿಕೊಳ್ಳುತ್ತದೆ. ಅದರ ಆಲ್ಫಾ ಕಣಗಳು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನೂ ದಾಟುವುದಿಲ್ಲ. ದೊಡ್ಡ ಪರೀಕ್ಷೆಯೊಂದರಲ್ಲಿ ಅದನ್ನು ಪಡೆದವರ ಮಧ್ಯಾಂಕ ಆಯಸ್ಸು 14.9 ತಿಂಗಳು, ಪಡೆಯದವರದು 11.3. ಮೂರೂವರೆ ತಿಂಗಳು ಸಣ್ಣದೆನಿಸಬಹುದು; ಮೊಮ್ಮಗಳ ಮದುವೆಗೆ ಕಾಯುತ್ತಿರುವವರಿಗೆ ಸಣ್ಣದಲ್ಲ. ಈ ಔಷಧ ಕ್ಯಾನ್ಸರ್ ಕೋಶವನ್ನು ಗುರುತಿಸುವುದೇ ಇಲ್ಲ. ಅದು ಗುರುತಿಸುವುದು ಪರಿಸರವನ್ನು.

ಇನ್ನು ನಮ್ಮಲ್ಲಿಯ ಮಾತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ 1982ರಿಂದ ನಡೆದುಬಂದಿದೆ. ನಗರದ ಪುರುಷರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಏರುತ್ತಿರುವುದು ಅದರಲ್ಲಿ ದಾಖಲಾಗಿದೆ. ಆಯಸ್ಸು ಹೆಚ್ಚಿದ್ದು, ಪರೀಕ್ಷೆ ಹೆಚ್ಚಿದ್ದು, ಬದುಕಿನ ರೀತಿ ಬದಲಾದದ್ದು ಎಲ್ಲವೂ ಇದರಲ್ಲಿ ಸೇರಿರಬೇಕು. ಕಾನ್ಪುರ ಐಐಟಿಯ ಬುಷ್ರಾ ಅತೀಕ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಸಂಶೋಧನೆ ನಮ್ಮ ದೇಶದ್ದು ಎಂದು ಹೇಳಿಕೊಳ್ಳಲು ಹೆಮ್ಮೆಯಾಗುತ್ತದೆ. ಆಂಡ್ರೊಜೆನ್ ಗ್ರಾಹಕ ಸ್ಪಿಂಕ್1 ಎಂಬ ಜೀನನ್ನು ಅದುಮಿಟ್ಟಿರುತ್ತದೆ. ಹಾರ್ಮೋನ್ ತಡೆಯುವ ಚಿಕಿತ್ಸೆ ಕೊಟ್ಟಾಗ ಆ ಜೀನು ತಲೆಯೆತ್ತಿ, ಕೋಶ ತನ್ನ ಗುರುತನ್ನೇ ಬದಲಿಸಿಕೊಳ್ಳಲು ನೆರವಾಗುತ್ತದೆ ಎಂದು ಅವರು ತೋರಿಸಿದರು. ನಾವು ಕೊಡುವ ಚಿಕಿತ್ಸೆಯೂ ಗಡ್ಡೆಯ ಪರಿಸರದ ಭಾಗವೇ.

ನಮ್ಮ ಮನೆಗಳಲ್ಲಿ ಹಿರಿಯರು ರಾತ್ರಿ ನಾಲ್ಕು ಸಲ ಏಳುವುದನ್ನು ವಯಸ್ಸಾಯಿತಲ್ಲ ಎಂದು ಬಿಟ್ಟುಬಿಡುತ್ತೇವೆ. ಬಹಳ ಸಲ ಅದು ಸಾಧಾರಣ ಊತವೇ ಹೌದು. ಆದರೆ ಬಿಡದೆ ಕಾಡುವ ಸೊಂಟನೋವಿಗೆ ಎಣ್ಣೆ ತಿಕ್ಕಿಸಿಕೊಂಡು ಕೂತು, ರೋಗ ಮೂಳೆ ತಲುಪಿದ ಮೇಲೆ ಆಸ್ಪತ್ರೆಗೆ ಬರುವವರು ನಮ್ಮಲ್ಲಿ ತೀರಾ ಹೆಚ್ಚು. ಹಿರಿಯರು ನಾಚಿಕೆಯಿಂದ ಹೇಳದಿದ್ದರೆ ಮಕ್ಕಳೇ ಕೇಳಬೇಕು. ಹಾಗೆಯೇ, ಕ್ಯಾನ್ಸರ್ ಎಂದು ತಿಳಿದ ಕೂಡಲೇ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಗ್ಲೀಸನ್ ಅಂಕ ಕಡಿಮೆಯಿದ್ದು ಗಡ್ಡೆ ಸಣ್ಣದಿದ್ದರೆ, ಪಿಎಸ್‌ಎ, ಎಂಆರ್‌ಐ, ಮರುಬಯಾಪ್ಸಿಗಳಿಂದ ನಿಗಾ ಇಟ್ಟು ಕಾಯುವುದು ಇಂದು ಒಪ್ಪಿತವಾದ ಕ್ರಮ. ಯಾವ ಗಡ್ಡೆ ಸುಮ್ಮನಿರುತ್ತದೆ, ಯಾವುದು ಏಳುತ್ತದೆ ಎಂದು ಇನ್ನಷ್ಟು ಖಚಿತವಾಗಿ ಹೇಳಬೇಕಾದರೆ ಅದರ ಸ್ಟ್ರೋಮಾವನ್ನು ಓದಲು ಕಲಿಯಬೇಕು. ಕರ್ನಾಟಕದ ಆಸ್ಪತ್ರೆಗಳಿಗೆ, ಇಲ್ಲಿರುವ ಯುವ ಪೆಥಾಲಜಿಸ್ಟರಿಗೆ ನನ್ನ ವಿನಂತಿ ಇಷ್ಟೇ: ರೋಗಿಯ ಒಪ್ಪಿಗೆ ಪಡೆದು ಗಡ್ಡೆಯ ಮಾದರಿಯನ್ನು ಸಂಶೋಧನೆಗೆ ಕಾದಿಡುವಾಗ, ಅದರ ಸುತ್ತಲಿನ ಅಂಗಾಂಶವನ್ನೂ ಜೊತೆಗೇ ಕಾದಿಡಿ, ಪ್ರತಿಕ್ರಿಯಾತ್ಮಕ ಸ್ಟ್ರೋಮಾ ಎಷ್ಟಿದೆ, ನರದ ಸುತ್ತ ಕೋಶಗಳು ಹಬ್ಬಿವೆಯೇ ಎಂಬುದನ್ನು ವರದಿಯಲ್ಲಿ ಬರೆಯಿರಿ. ಹತ್ತು ವರ್ಷದ ನಂತರ ಆ ರೋಗಿ ಹೇಗಿದ್ದಾರೆ ಎಂಬುದರೊಂದಿಗೆ ಅದನ್ನು ಹೋಲಿಸಿ ನೋಡಲು ಆಗ ನಮ್ಮದೇ ಜನರ ಮಾಹಿತಿ ನಮ್ಮ ಬಳಿ ಇರುತ್ತದೆ.